ದನ, ಕುರಿ ಸತ್ತಾಗ ಸರ್ಕಾರದ ಪರಿಹಾರ ಪಡೆಯುವುದು ಹೇಗೆ? ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ ಒಂದು ಮಾರ್ಗದರ್ಶಿ

ಬೇಸಿಗೆಯ ಕೊನೆಗೆ ಯಲಬುರ್ಗಾ, ಕುಷ್ಟಗಿ ಕಡೆಯ ಬಯಲಲ್ಲಿ ಗುಡುಗಿನ ಮಳೆ ಬಂದರೆ ಬೇವಿನ ಮರದ ಬುಡಕ್ಕೆ ಕಟ್ಟಿದ ಜೋಡೆತ್ತು ಒಂದೇ ಸಿಡಿಲಿಗೆ ಹೋಗಿಬಿಡುತ್ತವೆ. ಮನೆಮಂದಿ ಅತ್ತು ಕರೆದು, ಎತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಕತ್ತಲಾಗುವುದರೊಳಗೆ ಹೊಲದಲ್ಲೇ ಕುಣಿ ತೋಡಿ ಮಣ್ಣು ಮಾಡುತ್ತಾರೆ. ಎರಡು ದಿನ ಬಿಟ್ಟು ಯಾರೋ ಕಟ್ಟೆಯ ಮೇಲೆ ಕೂತವರು "ಸರ್ಕಾರದಿಂದ ರೊಕ್ಕ ಬರ್ತೈತಲ್ಲೋ, ಅರ್ಜಿ ಕೊಟ್ಟೀಯೇನು?" ಅಂದಾಗ ತಹಸೀಲ್ದಾರ್ ಕಚೇರಿಗೆ ಓಡುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಪೋಸ್ಟ್‌ಮಾರ್ಟಂ ಆಗಿದೆಯಾ ಎಂಬುದು. ಆಗಿಲ್ಲ ಅಂದರೆ ಮುಂದಿನ ಮಾತು ಬಹಳ ಕಷ್ಟದ್ದು.

ಪರಿಹಾರದ ಹಣ ಬರುವುದು ಅರ್ಜಿಯಿಂದಲ್ಲ. ಪ್ರಾಣಿ ಇನ್ನೂ ಮಣ್ಣಿನ ಮೇಲಿರುವಾಗ ತಯಾರಾಗುವ ಎರಡು ಕಾಗದಗಳಿಂದ. ಒಂದು ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ, ಇನ್ನೊಂದು ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ. ಈ ಎರಡು ಕೈಯಲ್ಲಿದ್ದರೆ ಅರ್ಜಿಯನ್ನು ನಾಲ್ಕು ದಿನ ತಡವಾಗಿ ಕೊಟ್ಟರೂ ವಾದ ಮಾಡಬಹುದು. ಹಾಗಾಗಿ ದರಪಟ್ಟಿಯನ್ನು ಆಮೇಲೆ ನೋಡೋಣ. ಮೊದಲು, ಸತ್ತ ದಿನ ಏನು ಮಾಡಬೇಕು ಎಂಬುದು.

ಮೊದಲ ಹೆಜ್ಜೆ: ಮುಟ್ಟಬೇಡಿ, ಫೋನ್ ಮಾಡಿ

ನಿಮ್ಮ ಹೋಬಳಿಯ ಪಶು ಆಸ್ಪತ್ರೆಯ ವೈದ್ಯರಿಗೆ ಅಥವಾ ಅಲ್ಲಿಯ ಸಿಬ್ಬಂದಿಗೆ ಮೊದಲು ಸುದ್ದಿ ಮುಟ್ಟಿಸಿ. ನಂಬರ್ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿ. ಅದು ಪಶು ಆಂಬುಲೆನ್ಸಿನ ಉಚಿತ ಸಹಾಯವಾಣಿ. ಗಾಯಗೊಂಡು ಇನ್ನೂ ಜೀವ ಇರುವ ದನಕ್ಕೂ ಇದೇ ನಂಬರ್. ಬೆನ್ನಿಗೇ ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡಿ. ಊರಲ್ಲಿ ಇನ್ನೂ ಗ್ರಾಮ ಲೆಕ್ಕಿಗ ಅಂತಲೇ ಕರೆಯುವುದು ಇವರನ್ನೇ. ಅವರು ಎತ್ತದಿದ್ದರೆ ಕಂದಾಯ ನಿರೀಕ್ಷಕರಿಗೆ. ನೆರೆ, ಸಿಡಿಲು, ಬೆಂಕಿಯಂಥ ದೊಡ್ಡ ಅನಾಹುತವಾದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೂ ಹೇಳಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕರೆ ದಾಖಲಾಗುತ್ತದೆ. ಮಾತಿನಲ್ಲಿ ಹೇಳಿದ ಮೇಲೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕಳಿಸಿ: ಊರು, ಸರ್ವೆ ನಂಬರ್, ಎಷ್ಟು ಜೀವ, ಎಷ್ಟು ಹೊತ್ತಿಗೆ, ಏನಾಗಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಮೆಸೇಜಿಗೆ ತಾರೀಖು, ಗಂಟೆ ಎರಡೂ ಇರುತ್ತವೆ.

ವೈದ್ಯರು ಬರುವ ತನಕ ಫೋಟೋ ತೆಗೆಯಿರಿ. ಸತ್ತ ಜಾಗದಲ್ಲೇ, ಎಳೆದು ಹಾಕುವ ಮೊದಲು. ಒಂದು ಫೋಟೋದಲ್ಲಿ ಪ್ರಾಣಿಯ ಜೊತೆ ಮಾಲೀಕರ ಮುಖ ಕಾಣಬೇಕು. ಇನ್ನೊಂದರಲ್ಲಿ ಕಿವಿಯ ಹಳದಿ ಓಲೆ (ಟ್ಯಾಗ್), ಅದರ ಮೇಲಿನ 12 ಅಂಕಿ ಓದುವಷ್ಟು ಹತ್ತಿರದಿಂದ. ಮತ್ತೊಂದರಲ್ಲಿ ಸುತ್ತಲಿನ ಜಾಗ: ಸುಟ್ಟ ಮರ, ಬಿದ್ದ ಗೋಡೆ, ನೀರು ನಿಂತ ದೊಡ್ಡಿ. ಕುರಿ ಹಿಂಡಾದರೆ ಎಲ್ಲವನ್ನೂ ಸಾಲಾಗಿ ಮಲಗಿಸುವ ಮೊದಲೇ ಒಂದು ವಿಡಿಯೋ ಮಾಡಿ, ಎಣಿಕೆಯನ್ನು ಬಾಯಲ್ಲಿ ಹೇಳುತ್ತ ಹೋಗಿ. ಇಪ್ಪತ್ತೆಂಟು ಸತ್ತಿದ್ದವೋ ಮೂವತ್ತೆರಡೋ ಎಂಬ ತಕರಾರು ಆಮೇಲೆ ಬಂದೇ ಬರುತ್ತದೆ.

ಮುಟ್ಟಬೇಡಿ ಅನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದು ಹಣದ್ದಲ್ಲ. ಚೆನ್ನಾಗಿ ಮೇಯುತ್ತಿದ್ದ ಕುರಿಯೋ ದನವೋ ದಿಢೀರನೆ ಬಿದ್ದು ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಆಗ ಹೆಣವನ್ನು ಕೊಯ್ಯಲೇಬಾರದು. ಚರ್ಮ ಸುಲಿಯಬಾರದು, ಮಾಂಸ ಹಂಚಿಕೊಳ್ಳಬಾರದು. ಅದರ ಬೀಜಕಣಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತವೆ, ಮನುಷ್ಯರಿಗೂ ಅಂಟುತ್ತವೆ. ಪೋಸ್ಟ್‌ಮಾರ್ಟಂ ಆಗದಿದ್ದರೆ ಪರಿಹಾರ ತಪ್ಪುತ್ತದೆ ಎಂದು ಹೆದರಿ ವೈದ್ಯರ ಮೇಲೆ ಒತ್ತಡ ಹಾಕಬೇಡಿ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ಪರೀಕ್ಷೆಗೆ ಕಳಿಸುತ್ತಾರೆ, ಕಾರಣ ಬರೆದು ಪ್ರಮಾಣಪತ್ರ ಕೊಡುತ್ತಾರೆ. ಆಳವಾದ ಕುಣಿ, ಮೇಲೆ ಕೆಳಗೆ ಸುಣ್ಣ, ಹೊಳೆ ಹಳ್ಳದಿಂದ ದೂರ. ಅಷ್ಟಾದ ಮೇಲೆ ಉಳಿದ ಹಿಂಡಿಗೆ ಲಸಿಕೆ ಕೇಳಿ.

ಎರಡನೆಯ ಹೆಜ್ಜೆ: ಯಾವ ಬಾಗಿಲು?

ಇಲ್ಲೇ ಹೆಚ್ಚಿನವರು ಎಡವುವುದು. "ದನ ಸತ್ತರೆ ಸರ್ಕಾರ ಕೊಡ್ತದ" ಎಂಬುದು ಅರ್ಧ ಮಾತು. ಯಾವ ಕಾರಣಕ್ಕೆ ಸತ್ತಿತು ಎಂಬುದರ ಮೇಲೆ ಯಾವ ಕಚೇರಿ, ಯಾವ ದರ ಎಂಬುದು ನಿಂತಿದೆ.

ನೆರೆ, ಬೆಂಕಿ, ಆಲಿಕಲ್ಲು, ಭಾರಿ ಮಳೆಗೆ ಗೋಡೆ ಕುಸಿತ, ಸಿಡಿಲು. ಇವು ಪ್ರಕೃತಿ ವಿಕೋಪದ ಲೆಕ್ಕ. ಬಾಗಿಲು ತಹಸೀಲ್ದಾರ್ ಕಚೇರಿ, ಹಣ ರಾಜ್ಯ ವಿಪತ್ತು ಪರಿಹಾರ ನಿಧಿಯದು.

ಹಾವು ಕಡಿತ, ವಿಷದ ಮೇವು, ಕಾಯಿಲೆ, ಬಾವಿಗೆ ಬಿದ್ದದ್ದು ಇಂಥ ಆಕಸ್ಮಿಕ ಸಾವಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆ. ಬಾಗಿಲು ಪಶು ಆಸ್ಪತ್ರೆ. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳದ ಪೈರಿಗೆ ಬಾಯಿ ಹಾಕಿ ದನ ಸಾಯುವುದು ನಮ್ಮ ಕಡೆ ಹೊಸದಲ್ಲ. ಆ ಪೈರಿನಲ್ಲಿ ಸಯನೈಡ್ ಅಂಶ ಏರಿರುತ್ತದೆ. ಬರ ಇದ್ದರೂ ಅದು ಬರದ ಸಾವು ಅಂತ ಲೆಕ್ಕಕ್ಕೆ ಬರುವುದು ಕಷ್ಟ, ವಿಷಬಾಧೆ ಅಂತಲೇ ಬರೆಸಿ ಅನುಗ್ರಹದ ಕಡೆ ಹೋಗಿ.

ಚಿರತೆ, ತೋಳ ಹಿಡಿದರೆ ಅರಣ್ಯ ಇಲಾಖೆ. ಆನೆಗೊಂದಿಯ ಗುಡ್ಡಸಾಲು, ಗಂಗಾವತಿ ತಾಲ್ಲೂಕಿನ ಬಂಕಾಪುರ, ದರೋಜಿ ಸುತ್ತಮುತ್ತ ಇರುವವರಿಗೆ ಇದು ಗೊತ್ತಿರುವ ವಿಷಯವೇ. ವಲಯ ಅರಣ್ಯ ಕಚೇರಿಯವರು ಬಂದು ಹೆಜ್ಜೆ ಗುರುತು, ಕಡಿತದ ಗಾಯ ನೋಡುವ ತನಕ ಹೆಣ ಅಲ್ಲೇ ಇರಲಿ. ಸಿಟ್ಟಿಗೆ ಹೆಣಕ್ಕೆ ವಿಷ ಹಾಕಿದರೆ ಪರಿಹಾರವೂ ಹೋಗುತ್ತದೆ, ಕೇಸೂ ಬೀಳುತ್ತದೆ.

ತುಂಡಾದ ಕರೆಂಟ್ ತಂತಿ ತುಳಿದು ಸತ್ತರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ. ಮೊದಲು 1912ಕ್ಕೆ ಹೇಳಿ ಲೈನ್ ಬಂದ್ ಮಾಡಿಸಿ, ಆಮೇಲೆ ಹತ್ತಿರ ಹೋಗಿ. ದನ ಬಿಡಿಸಲು ಹೋದ ಮನುಷ್ಯರೇ ಸತ್ತ ಸುದ್ದಿ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಪೊಲೀಸ್ ದೂರು, ಪಶುವೈದ್ಯರ ವರದಿ, ವಿದ್ಯುತ್ ಪರಿವೀಕ್ಷಕರ ವರದಿ ಮೂರೂ ಬೇಕಾಗುತ್ತವೆ. ಲಾರಿ ಗುದ್ದಿದ್ದಾದರೆ ಗಾಡಿ ನಂಬರ್ ಬರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ.

ವಿಮೆ ಮಾಡಿಸಿದ್ದರೆ ಅದು ಬೇರೆಯದೇ ಬಾಗಿಲು. ಕೊನೆಗೆ ಅದಕ್ಕೆ ಬರುತ್ತೇನೆ.

ದರ ಎಷ್ಟು?

ವಿಪತ್ತು ಪರಿಹಾರಕ್ಕೆ ಕೇಂದ್ರ ಗೃಹ ಸಚಿವಾಲಯ ದರಪಟ್ಟಿ ಹೊರಡಿಸುತ್ತದೆ. 2022-23ರಿಂದ 2025-26ರ ಅವಧಿಗೆ ಹೊರಡಿಸಿದ ಪಟ್ಟಿ ಹೀಗಿದೆ. ಹಾಲು ಕೊಡುವ ಆಕಳು, ಎಮ್ಮೆಗೆ 37,500 ರೂಪಾಯಿ. ಉಳುವ ಎತ್ತಿಗೆ 32,000. ಕರು, ಕತ್ತೆಗೆ 20,000. ಕುರಿ, ಆಡು, ಹಂದಿಗೆ 4,000. ಕೋಳಿಗೆ ತಲಾ 100, ಆದರೆ ಒಂದು ಮನೆಗೆ 10,000 ದಾಟುವಂತಿಲ್ಲ. ಮನೆಗೆ ಅಂಟಿದ ದನದ ಕೊಟ್ಟಿಗೆ ಹಾಳಾದರೆ 3,000, ಇದನ್ನು ಕೇಳುವವರೇ ಕಡಿಮೆ. ಪಟ್ಟಿಯ ಅವಧಿ ಮುಗಿದಾಗ ಹೊಸದು ಬರುತ್ತದೆ, ಜೊತೆಗೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಟ್ಟ ಉದಾಹರಣೆಗಳೂ ಇವೆ. ಆದ್ದರಿಂದ ನಿಮ್ಮ ಅರ್ಜಿಯ ದಿನಕ್ಕೆ ಯಾವ ಆದೇಶ ಜಾರಿಯಲ್ಲಿದೆ ಎಂದು ತಹಸೀಲ್ದಾರ್ ಕಚೇರಿಯ ವಿಪತ್ತು ಶಾಖೆಯಲ್ಲಿ ಕೇಳಿಕೊಳ್ಳಿ.

ಇದಕ್ಕೆ ಮಿತಿಯೂ ಉಂಟು. ಒಂದು ಮನೆಗೆ ಹಾಲಿನ ಲೆಕ್ಕದಲ್ಲಿ ದೊಡ್ಡವು 3 ಅಥವಾ ಕುರಿ, ಆಡಿನಂಥ ಸಣ್ಣವು 30. ದುಡಿಯುವ ಪ್ರಾಣಿಗಳ ಲೆಕ್ಕದಲ್ಲಿ ದೊಡ್ಡವು 3 ಅಥವಾ ಸಣ್ಣವು 6. ಕುರಿಗಾರರಿಗೆ ಹೊಡೆತ ಬೀಳುವುದು ಇಲ್ಲೇ. ಒಂದು ಸಿಡಿಲಿಗೆ 45 ಕುರಿ ಸತ್ತರೂ ಲೆಕ್ಕಕ್ಕೆ ಬರುವುದು 30, ಅಂದರೆ 1,20,000 ರೂಪಾಯಿ. ಹಿಂಡಿನಲ್ಲಿ ಅಣ್ಣತಮ್ಮಂದಿರ ಕುರಿ, ಸೊಸೆಗೆ ತವರಿನಿಂದ ಬಂದ ಕುರಿ, ಪಾಲಿಗೆ ಬಿಟ್ಟ ಬೇರೆಯವರ ಕುರಿ ಎಲ್ಲ ಬೆರೆತಿರುತ್ತವೆ. ಪಂಚನಾಮೆ ಬರೆಯುವಾಗ ಹಿಂಡಿನ ಯಜಮಾನನ ಹೆಸರಿನಲ್ಲಿ ಒಟ್ಟು ಬರೆದುಬಿಟ್ಟರೆ ಉಳಿದವರ ಪಾಲು ಅಲ್ಲೇ ಮುಳುಗಿತು. ನಿಜವಾಗಿ ಬೇರೆ ಬೇರೆ ಮನೆಗಳ ಕುರಿಗಳಿದ್ದರೆ ಯಾರವು ಎಷ್ಟು ಎಂದು ಸ್ಥಳದಲ್ಲೇ ಹೆಸರು ಹಿಡಿದು ಬರೆಸಿ. ಒಂದೇ ಮನೆಯವನ್ನು ಕಾಗದದಲ್ಲಿ ಹರಿದು ಹಂಚುವ ಚಾಲಾಕಿ ಬೇಡ. ರೇಷನ್ ಕಾರ್ಡ್ ತೆಗೆದು ನೋಡಿದರೆ ಸಿಕ್ಕಿಬೀಳುತ್ತದೆ, ಜೊತೆಗೆ ನಿಜವಾದ ಅರ್ಜಿಯೂ ಮಣ್ಣಾಗುತ್ತದೆ.

ಅನುಗ್ರಹದ ದರ 2025-26ರ ರಾಜ್ಯ ಬಜೆಟ್‌ನಲ್ಲಿ ಏರಿತು. ಆಕಳು, ಎಮ್ಮೆ, ಎತ್ತಿಗೆ 10,000ದಿಂದ 15,000. ಕುರಿ, ಮೇಕೆಗೆ 5,000ದಿಂದ 7,500. ಮೂರರಿಂದ ಆರು ತಿಂಗಳ ಮರಿಗೆ 3,500ರಿಂದ 5,000.

ಈಗ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಿಡಿಲು ಬಡಿದ ಜೋಡೆತ್ತಿಗೆ 64,000. ಅದೇ ಜೋಡಿ ವಿಷದ ಮೇವು ತಿಂದು ಸತ್ತರೆ 30,000. ವರದಿಯಲ್ಲಿ 'ಸಾವಿನ ಕಾರಣ' ಎಂಬ ಕಡೆ ಬರೆಯುವ ಒಂದು ಸಾಲಿನ ಬೆಲೆ 34,000 ರೂಪಾಯಿ. ಕುರಿಯದು ಇದಕ್ಕೆ ತಿರುಗುಮುರುಗು: ವಿಪತ್ತಿನ ಲೆಕ್ಕದಲ್ಲಿ 4,000, ಅನುಗ್ರಹದಲ್ಲಿ 7,500. ನೆರೆಗೆ ಕೊಚ್ಚಿಹೋದ ಕುರಿಗಿಂತ ಹಾವು ಕಡಿದ ಕುರಿಗೆ ಹೆಚ್ಚು ಬೆಲೆ ಎಂಬ ಈ ಲೆಕ್ಕ ವಿಚಿತ್ರವೇ, ಆದರೆ ಕಾಗದದ ಮೇಲೆ ಇರುವುದು ಹಾಗೆ. ಒಂದೇ ಪ್ರಾಣಿಗೆ ಎರಡೂ ಕಡೆ ಹಣ ಎತ್ತುವಂತಿಲ್ಲ. ಅದಕ್ಕೇ ಅರ್ಜಿ ಬರೆಯುವ ಮೊದಲು ಪಶುವೈದ್ಯಾಧಿಕಾರಿಯ ಮುಂದೆ ಕೂತು, ಈ ಸಾವು ಯಾವ ಯೋಜನೆಗೆ ಕೂಡುತ್ತದೆ ಎಂದು ಕೇಳಿ. ಕಾರಣವನ್ನು ತಿರುಚಿ ಬರೆಯಿರಿ ಅಂತ ಕೇಳುವುದು ಅಲ್ಲ ಇದು. ನಿಜವಾದ ಕಾರಣ ಸ್ಪಷ್ಟವಾಗಿ ಬರೆದಿದೆಯೇ ಎಂದು ಓದಿಸಿಕೊಳ್ಳುವುದು. 'ಹೃದಯಾಘಾತ' ಎಂದಷ್ಟೇ ಬರೆದ ವರದಿ ಹಿಡಿದು ಸಿಡಿಲಿನ ಪರಿಹಾರ ಕೇಳಿದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಇವಲ್ಲದೆ ಆಗಾಗ ಬಂದು ಹೋಗುವ ವಿಶೇಷ ಪರಿಹಾರಗಳಿವೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ಕೊಟ್ಟರು. ಇಂಥವು ಆದೇಶ ಇರುವ ತನಕ ಮಾತ್ರ. ಕೋಳಿ ಸಾಕುವವರು ತಿಳಿದಿರಬೇಕಾದ ಮಾತೂ ಒಂದಿದೆ. ಹಕ್ಕಿಜ್ವರ ಬಂದಾಗ ಸರ್ಕಾರ ಹಣ ಕೊಡುವುದು ತಾನು ಕೊಲ್ಲಿಸಿದ ಕೋಳಿಗೆ, ಅದಕ್ಕೂ ಮೊದಲು ತಾವಾಗಿ ಸತ್ತವಕ್ಕಲ್ಲ. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದು ನೆನಪಿರಬಹುದು. ಕೋಳಿ ಸಾಯಲು ಶುರುವಾದ ದಿನವೇ ಹೇಳಿದವರಿಗೆ ಲಾಭ, ಮುಚ್ಚಿಟ್ಟವರಿಗೆ ನಷ್ಟ.

ಮೂರನೆಯ ಹೆಜ್ಜೆ: ಕಾಗದ

ಪೋಸ್ಟ್‌ಮಾರ್ಟಂ ವರದಿ, ಪಂಚನಾಮೆ, ಫೋಟೋ, ಮಾಲೀಕರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡ್, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಇದ್ದರೆ ಅದು. ಇಷ್ಟು ಜೋಡಿಸಿ ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಮುದ್ರೆ, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದಿದ್ದೂ ಒಂದೇ. ಪಂಚನಾಮೆಗೆ ಸಹಿ ಹಾಕುವ ಮುನ್ನ ಅದರಲ್ಲಿ ಪ್ರಾಣಿಯ ಬಣ್ಣ, ವಯಸ್ಸು, ಸೂಲು, ಓಲೆ ನಂಬರ್ ಪೋಸ್ಟ್‌ಮಾರ್ಟಂ ವರದಿಗೆ ತಾಳೆಯಾಗುತ್ತವೆಯೇ ನೋಡಿ. ಒಂದರಲ್ಲಿ ಆಕಳು, ಇನ್ನೊಂದರಲ್ಲಿ ಹೋರಿ ಅಂತ ಬರೆದು ವಾಪಸ್ ಬಂದ ಕಡತಗಳು ಎಲ್ಲ ತಾಲ್ಲೂಕಿನಲ್ಲೂ ಇವೆ.

ಹೊಳೆಗೆ ಕೊಚ್ಚಿಹೋಗಿ ಹೆಣವೇ ಸಿಗದಿದ್ದರೆ? ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಲಿಂಗಸುಗೂರು, ದೇವದುರ್ಗದ ಕೃಷ್ಣಾ ದಂಡೆಯವರಿಗೂ, ತುಂಗಭದ್ರೆ ತುಂಬಿ ಹರಿದಾಗ ಕಂಪ್ಲಿ, ಗಂಗಾವತಿ, ಸಿಂಧನೂರಿನ ದಂಡೆಯವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಆಗ ಪ್ರಾಣಿ ನಿಮ್ಮ ಬಳಿ ಇತ್ತು ಎಂಬುದನ್ನು ತೋರಿಸಬೇಕಾಗುತ್ತದೆ. ಪಶು ಆಸ್ಪತ್ರೆಯ ಲಸಿಕೆ ದಾಖಲೆ, ಓಲೆ ನಂಬರಿನ ನೋಂದಣಿ, ಹಾಲಿನ ಡೇರಿಯ ಪುಸ್ತಕ, ಅಕ್ಕಪಕ್ಕದವರ ಹೇಳಿಕೆ, ಠಾಣೆಗೆ ಕೊಟ್ಟ ದೂರಿನ ಪ್ರತಿ, ಇವೇ ಸಾಕ್ಷಿ. ಪ್ರವಾಹದ ನೀರು ಇಳಿದು ಅಧಿಕಾರಿಗಳು ಊರಿಗೆ ಬಂದ ದಿನವೇ ಪಟ್ಟಿಯಲ್ಲಿ ಹೆಸರು ಬರೆಸಿ. ಎರಡನೆಯ ಪಟ್ಟಿ ಬರುತ್ತದೆ ಎಂದು ಕಾಯಬೇಡಿ.

ವಲಸೆ ಕುರಿಗಾರರ ಪಾಡು ಇನ್ನೂ ಬೇರೆ. ಕುಷ್ಟಗಿ, ಕನಕಗಿರಿ, ಮಸ್ಕಿ ಭಾಗದ ಹಿಂಡುಗಳು ಭತ್ತದ ಕೊಯ್ಲು ಮುಗಿದ ಮೇಲೆ ಕಾರಟಗಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಿಗೆ ಇಳಿಯುತ್ತವೆ, ರಾತ್ರಿ ಗೊಬ್ಬರಕ್ಕೆಂದು ಹೊಲದಲ್ಲಿ ನಿಲ್ಲುತ್ತವೆ. ಸಾವು ಬರುವುದು ಪರಊರಿನಲ್ಲಿ. "ಊರಿಗೆ ಹೋಗಿ ಅಲ್ಲಿ ಕೇಳೂನು" ಎಂದು ಹೆಣ ಬಿಟ್ಟು ಹಿಂಡು ಹೊಡೆದುಕೊಂಡು ಹೊರಟರೆ ಕೆಲಸ ಕೆಟ್ಟಿತು. ಸತ್ತ ಜಾಗದ ಪಶು ಆಸ್ಪತ್ರೆಯವರೇ ಪೋಸ್ಟ್‌ಮಾರ್ಟಂ ಮಾಡಬೇಕು, ಆ ಊರಿನ ಗ್ರಾಮ ಆಡಳಿತಾಧಿಕಾರಿಯೇ ಪಂಚನಾಮೆ ಬರೆಯಬೇಕು. ಹೊಲದ ಮಾಲೀಕರನ್ನು ಪಂಚರಾಗಿ ಹಾಕಿಸಿ, ಅವರಿಗೆ ಅಲ್ಲಿ ಎಲ್ಲರ ಪರಿಚಯ ಇರುತ್ತದೆ. ಆ ಕಾಗದಗಳ ಮೂಲಪ್ರತಿ ಇಟ್ಟುಕೊಂಡು ನಿಮ್ಮ ಊರಿನ ಪಶುವೈದ್ಯರಿಗೂ ಅದೇ ದಿನ ಫೋನಿನಲ್ಲಿ ತಿಳಿಸಿ. ಹಿಂಡಿನ ಜೊತೆ ಹೋಗುವ ಹುಡುಗನ ಫೋನಿನಲ್ಲಿ ಯಜಮಾನನ ಆಧಾರ್, ಪಾಸ್‌ಬುಕ್ಕಿನ ಫೋಟೋ ಇದ್ದರೆ ಅರ್ಧ ಓಡಾಟ ತಪ್ಪುತ್ತದೆ.

ಬರಗಾಲದ ಮಾತು

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ, ದನಕ್ಕೆ ದಿನಕ್ಕೆ 80 ರೂಪಾಯಿ ಖಾತೆಗೆ ಬರುತ್ತದಂತೆ ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿತ್ತು. ಆ ದರ ನಿಜ. ದೊಡ್ಡ ದನಕ್ಕೆ 80, ಸಣ್ಣವಕ್ಕೆ 45. ಆದರೆ ಅದು ಗೋಶಾಲೆ ನಡೆಸುವ ಖರ್ಚಿಗೆ, ಅಂದರೆ ಅಲ್ಲಿಯ ಮೇವು, ನೀರು, ಔಷಧಕ್ಕೆ. ಮನೆಯಲ್ಲಿ ಕಟ್ಟಿದ ದನಕ್ಕೆ ರೈತರ ಕೈಗೆ ಬರುವುದಲ್ಲ. ಬರದಲ್ಲಿ ಕೇಳಿ ಪಡೆಯಬಹುದಾದದ್ದು ಗೋಶಾಲೆ, ಮೇವು ಬ್ಯಾಂಕ್, ನೀರಿದ್ದವರಿಗೆ ಮೇವಿನ ಬೀಜ. ಇವನ್ನು ಒಬ್ಬೊಬ್ಬರೇ ಕೇಳಿದರೆ ಆಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ದನಗಳ ಎಣಿಕೆ ಹಾಕಿ ಠರಾವು ಮಾಡಿಸಿ ತಹಸೀಲ್ದಾರರಿಗೆ ಕಳಿಸಬೇಕು. ಕಣಿಕೆ ಬಣವೆ ಇನ್ನೂ ಅರ್ಧ ಇರುವಾಗಲೇ ಕೇಳಿ, ಏಕೆಂದರೆ ಗೋಶಾಲೆ ತೆರೆಯುವ ಕಡತಕ್ಕೂ ತನ್ನದೇ ನಡಿಗೆ ಇದೆ.

ಹಣ ಬರಲಿಲ್ಲ, ಏನು ಮಾಡುವುದು?

ಮೊದಲು ಬ್ಯಾಂಕಿಗೆ ಹೋಗಿ, ಕಚೇರಿಗಲ್ಲ. ಪರಿಹಾರ ನೇರ ವರ್ಗಾವಣೆಯಲ್ಲಿ ಬರುವಾಗ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳುತ್ತದೆ. ನೀವು ಪಾಸ್‌ಬುಕ್ ಕೊಟ್ಟದ್ದು ಗ್ರಾಮೀಣ ಬ್ಯಾಂಕಿನದು, ಆಧಾರ್ ಜೋಡಣೆಯಾದದ್ದು ಎಂದೋ ತೆರೆದ ಇನ್ನೊಂದು ಖಾತೆಗೆ, ಹಣ ಅಲ್ಲಿ ಕೂತಿರುತ್ತದೆ. ಎಮ್ಮೆ ಕಟ್ಟಿ ಹಾಲು ಕರೆಯುವವಳು ಹೆಂಡತಿ, ಅರ್ಜಿ ಗಂಡನ ಹೆಸರಿನಲ್ಲಿ, ಓಲೆಯ ನೋಂದಣಿ ಮಾವನ ಹೆಸರಿನಲ್ಲಿ ಇದ್ದರೂ ಕಡತ ನಿಲ್ಲುತ್ತದೆ. ಹೆಸರಿನ ಒಂದು ಅಕ್ಷರದ ವ್ಯತ್ಯಾಸವೂ ಸಾಕು.

ಬ್ಯಾಂಕಿನಲ್ಲಿ ಸರಿಯಿದ್ದರೆ ಮುದ್ರೆ ಹಾಕಿಸಿದ ಪ್ರತಿ ಹಿಡಿದು ಕಚೇರಿಗೆ ಹೋಗಿ, ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿ. ಅನುಗ್ರಹದ ಅರ್ಜಿಗಳಿಗೆ "ಅನುದಾನ ಬಂದಿಲ್ಲ" ಎಂಬ ಉತ್ತರ ಸಾಮಾನ್ಯ, ಅದು ಹಲವು ಸಲ ನಿಜವೂ ಹೌದು. ಹಾಗಿದ್ದರೆ ಬಾಕಿ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟು ಎಂದು ಬರೆದುಕೊಂಡು ಬನ್ನಿ. ಪಶುಪಾಲನಾ ಇಲಾಖೆಯ ಜಿಲ್ಲಾ ಉಪ ನಿರ್ದೇಶಕರಿಗೆ ಮನವಿ ಕೊಡಬಹುದು, ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬಹುದು. ಅದಕ್ಕೂ ಬಗ್ಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ನಿಮ್ಮ ಸಂಕಟವನ್ನೆಲ್ಲ ಅದರಲ್ಲಿ ಬರೆಯಬೇಡಿ. 'ಇಂಥ ತಾರೀಖಿನ ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ಟಿಪ್ಪಣಿಯ ನಕಲು ಕೊಡಿ' ಎಂದು ಕೇಳಿದರೆ ಸಾಕು, 30 ದಿನದೊಳಗೆ ಉತ್ತರ ಕೊಡಲೇಬೇಕು.

ನಡುವೆ "ನಾ ಮಾಡಿಸಿಕೊಡ್ತೀನಿ, ಅರ್ಧ ಕೊಡು" ಎನ್ನುವವರು ಸಿಗುತ್ತಾರೆ. ಈ ಕಡತದಲ್ಲಿ ಅವರು ಮಾಡುವಂಥದ್ದು ಏನೂ ಇಲ್ಲ.

ವಿಮೆ

ಸರ್ಕಾರದ ಪರಿಹಾರ ಎಷ್ಟೇ ಬಂದರೂ ಇವತ್ತಿನ ಸಂತೆಯಲ್ಲಿ ಅದೇ ದರಕ್ಕೆ ಅಂಥದೇ ಎಮ್ಮೆ ಸಿಗುವುದಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ 2024ರಿಂದ ರೈತರ ಪಾಲಿನ ಕಂತು ಶೇ 15ಕ್ಕೆ ಇಳಿದಿದೆ, ಉಳಿದದ್ದು ಸರ್ಕಾರಗಳದು. ಒಂದು ಮನೆಗೆ 10 ಘಟಕದ ತನಕ ಮಾಡಿಸಬಹುದು. ಒಂದು ದೊಡ್ಡ ದನ ಒಂದು ಘಟಕ, 10 ಕುರಿ ಅಥವಾ ಮೇಕೆ ಸೇರಿ ಒಂದು ಘಟಕ. ಅಂದರೆ 100 ಕುರಿಯ ಹಿಂಡಿಗೂ ದಾರಿ ಇದೆ. ಸಿಡಿಲು, ಹಾವು, ರೋಗ ಎಂಬ ಬೇರೆ ಬೇರೆ ಬಾಗಿಲಿನ ತಲೆನೋವು ಇಲ್ಲಿ ಕಡಿಮೆ. ಪಶು ಆಸ್ಪತ್ರೆಯಲ್ಲಿ ಈ ವರ್ಷದ ಗುರಿ ತುಂಬುವ ಮೊದಲೇ ಕೇಳಿ.

ವಿಮೆ ಕಂಪನಿಯವರು ಮೊದಲು ನೋಡುವುದು ಕಿವಿ. ಓಲೆ ಇಲ್ಲದಿದ್ದರೆ ಹಣ ಇಲ್ಲ ಎಂಬುದು ಅವರ ನಿಯಮ. ಬೇಲಿಗೆ ಸಿಕ್ಕಿ ಓಲೆ ಹರಿದುಹೋಗುವುದು ದಿನನಿತ್ಯದ ಸಂಗತಿ, ಆದರೆ ಅದನ್ನು ಮತ್ತೆ ಹಾಕಿಸುವವರು ಕಡಿಮೆ. ಹರಿದ ವಾರದಲ್ಲೇ ಆಸ್ಪತ್ರೆಗೆ ಹೋಗಿ ಹೊಸ ಓಲೆ ಹಾಕಿಸಿ, ಹಳೆಯ ನಂಬರಿನ ಜಾಗದಲ್ಲಿ ಹೊಸ ನಂಬರ್ ದಾಖಲಾಯಿತೇ ನೋಡಿ, ಆ ನಂಬರನ್ನು ವಿಮೆ ಕಂಪನಿಗೂ ಬರೆದು ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ.